ನಾಲ್ಕು ಜಿಬಿಯಲ್ಲಿ ಆರು ಜಿಬಿ

ಮೊನ್ನೆ ಡೊಂಬಿವಲಿಯ ಮನೆಯಲ್ಲಿ ಹಳೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಕೂಡಲೇ ಅವರು ನೆನಪಾದರು... ಐರೋಲಿಯ ನನ್ನ ಮೊದಲ ಆಫೀಸಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರು. ಸರ್ವರ್ ರೂಮಿನ ಎಸಿಗೆ ಹೆದರಿ ಮೇ ತಿಂಗಳಲ್ಲೂ ಸ್ವೆಟರ್ ಹಾಕುತ್ತಿದ್ದರು. ಅದಕ್ಕೆ ಇದೇ ವಾಸನೆ.

ನಮ್ಮಂತೆಯೇ ಉಡುಪಿ ಕಡೆಯವರು, ದೂರದ ಟಿಟ್ವಾಳಾದಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದರು. ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಸ್ಟೇಶನ್ನಿನ ಇಂಡಿಕೇಟರಿನಲ್ಲಿ ‘ಫಾಸ್ಟ್’ ಎಂದು ಕಂಡರೂ ಒಳಗೆ ಕೂತವರನ್ನು ಕೇಳಿಯೇ ಲೋಕಲ್ ಹತ್ತುತ್ತಿದ್ದರು. ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ನಾನಿನ್ನೂ ಪ್ರೊಬೇಶನ್‌ನಲ್ಲಿದ್ದೆ.

ಆಸ್ಪತ್ರೆ ವಿಮೆಯ ಅರ್ಜಿಗಳು ನಮ್ಮ ಸರ್ವರ್ ಮೂಲಕ ಪಾಸಾಗಬೇಕಿತ್ತು. ಆ ವಾರ ಪ್ರತಿ ಮಧ್ಯಾಹ್ನ ಅದು ತೆವಳತೊಡಗಿತು. ಮೆಮೊರಿ ಸಾಲದಾದಾಗ ಕಂಪ್ಯೂಟರು ಒಂದಷ್ಟನ್ನು ಡಿಸ್ಕಿನ ಮೀಸಲು ಜಾಗಕ್ಕೆ, ಅಂದರೆ ಸ್ವಾಪ್‌ಗೆ, ಸಾಗಿಸುತ್ತದೆ. ಅದು ವಿಪರೀತವಾಗಿತ್ತು. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಪರದೆಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ನಾನು ಬರೆದದ್ದು: ಸ್ವಾಪ್, ಆರು ಜಿಬಿ.

ಬುಧವಾರ ಅವರು ನನ್ನ ಪ್ರೋಗ್ರಾಮಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುವುದನ್ನು ಕಂಡೆ. ನಾನು ಹತ್ತಿರ ಹೋದಾಗ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದರು. ಮರುದಿನ ಮ್ಯಾನೇಜರ್ ಕರೆದು, “ಶುಕ್ರವಾರ ಮೀಟಿಂಗ್ ಇದೆ, ತಯಾರಾಗಿ ಬನ್ನಿ,” ಎಂದರು. ಚಾಡಿ ಹೇಳಿದ್ದು ಯಾರೆಂದು ನನಗೆ ಅನುಮಾನವೇ ಉಳಿಯಲಿಲ್ಲ. ಆ ಹಿರಿಯರು ತಂದಿಟ್ಟ ಚಹಾವನ್ನೂ ನಾನು ಮುಟ್ಟಲಿಲ್ಲ. ಮನೆಗೆ ಹೋಗುವಾಗ ಲೇಡೀಸ್ ಡಬ್ಬಿಯಲ್ಲಿ ಗೆಳತಿಗೆ, “ನಮ್ಮ ಊರಿನವನೇ ನನ್ನ ಕುತ್ತಿಗೆ ಕೊಯ್ದ,” ಎಂದೆ.

ಶುಕ್ರವಾರ ಮ್ಯಾನೇಜರ್ ಆ ಪರದೆಯ ಪ್ರಿಂಟ್ ಮುಂದಿಟ್ಟರು. ಸ್ವೆಟರಿನ ಹಿರಿಯರು ಎದ್ದು ನಿಂತರು.

“ಸಾಬ್, ಈ ಮಷಿನಿಗೆ ಒಟ್ಟು ಸ್ವಾಪ್ ಇರುವುದೇ ನಾಲ್ಕು ಜಿಬಿ. ಒಂದೇ ಪ್ರೋಗ್ರಾಂ ಆರು ತಿನ್ನುವುದು ಹೇಗೆ?”

ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ನಾಲ್ಕು ಸೇರಿನ ಡಬ್ಬಿಯಲ್ಲಿ ಆರು ಸೇರು ಅಕ್ಕಿ ಹಿಡಿಯುತ್ತದಾ ತಂಗಿ? ನೀನಾದರೂ ಕೇಳಬೇಕಿತ್ತು ಮಾರಾಯ್ತಿ.”

ಆ ಪರದೆಯ ಹಿಂದಿದ್ದ ಹಳೆಯ ಉಪಕರಣ ಸ್ವಾಪನ್ನು ಅಳೆಯುತ್ತಲೇ ಇರಲಿಲ್ಲ. ಪ್ರೋಗ್ರಾಂ ತನ್ನದೆಂದು ಗುರುತು ಹಾಕಿಕೊಂಡ ಒಟ್ಟು ಜಾಗದಲ್ಲಿ ಆಗ ಮೆಮೊರಿಯಲ್ಲಿರುವಷ್ಟನ್ನು ಕಳೆದು, ಉಳಿದದ್ದಕ್ಕೆಲ್ಲ ಸ್ವಾಪ್ ಎಂದು ಹೆಸರಿಡುತ್ತಿತ್ತು. ಕೇಳಿಟ್ಟು ಒಮ್ಮೆಯೂ ಬಳಸದ ಜಾಗವೂ ಅದರಲ್ಲಿ ಸೇರುತ್ತಿತ್ತು. ನಿಜವಾದ ಲೆಕ್ಕ ಬೇಕೆಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಪ್ರತಿ ಪ್ರೋಗ್ರಾಮಿಗೂ ಇಡುವ ಸ್ಟೇಟಸ್ ಫೈಲನ್ನೇ ತೆರೆದು ನೋಡಬೇಕು. ಅವರು ತೆರೆದು ತೋರಿಸಿದರು. ನನ್ನದು ಕೆಲವೇ ಎಂಬಿ.

“ಹಾಗಾದರೆ ಜಾಸ್ತಿ ಯಾರದ್ದು?” ಎಂದರು ಮ್ಯಾನೇಜರ್.

ಅವರು ಜೇಬಿನಿಂದ ಆ ಚೀಟಿ ತೆಗೆದರು. ನನ್ನ ಪ್ರೋಗ್ರಾಮಿನ ಹೆಸರಿನ ಕೆಳಗೆ ಇನ್ನೊಂದಿತ್ತು. ಸರ್ವರ್ ಮೇಲೆ ಕಣ್ಣಿಡಲೆಂದು ಅವರೇ ಬರೆದು ಕೂರಿಸಿದ್ದ ಕಾವಲು ಪ್ರೋಗ್ರಾಂ. ಹಿಡಿದ ಮೆಮೊರಿಯನ್ನು ಬಿಡದೆ ಅದು ಸ್ವಾಪಿನಲ್ಲಿ ಮೂರು ಜಿಬಿಯಷ್ಟು ತುಂಬಿಸಿತ್ತು.

“ನನ್ನದು,” ಎಂದರು.

ಆ ತಿಂಗಳ ಕೊನೆಗೆ ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಹೊರಡುವ ದಿನ ಎಲ್ಲರಿಗೂ ಕೈಮುಗಿದರು, ನನಗೂ. ತಪ್ಪಾಯಿತು ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ನಾಳೆ ಫೋನ್ ಮಾಡೋಣ, ಮುಂದಿನ ವಾರ ಟಿಟ್ವಾಳಾಕ್ಕೇ ಹೋಗಿಬರೋಣ ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಕಳೆದ ವರ್ಷ ಹಳೆಯ ಸಹೋದ್ಯೋಗಿಯೊಬ್ಬ, ಅವರು ತೀರಿಕೊಂಡು ಆರು ತಿಂಗಳಾಯಿತು ಎಂದ.

ಈಗ ಅವರು ಮಾಡುತ್ತಿದ್ದ ಕೆಲಸವನ್ನೇ ಬೇರೊಂದು ಕಂಪನಿಯಲ್ಲಿ ನಾನು ಮಾಡುತ್ತೇನೆ. ಹೊಸ ಉಪಕರಣಗಳು ಸರಿಯಾದ ಅಂಕಿಯನ್ನೇ ತೋರಿಸುತ್ತವೆ. ಆದರೂ ಫೈಲ್ ತೆರೆಯದೆ ನಂಬುವುದಿಲ್ಲ. ಒಂದು ಅನುಮಾನ ಮಾತ್ರ ಬಗೆಹರಿಯದೆ ಉಳಿದಿದೆ. ಬುಧವಾರವೇ ಚೀಟಿಯಲ್ಲಿ ಎರಡೂ ಹೆಸರುಗಳಿದ್ದವೇ? ಇದ್ದಿದ್ದರೆ ಆ ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು, ನಾನು ಮುಖ ತಿರುಗಿಸುವುದನ್ನೂ ನೋಡುತ್ತ, ಏನು ಯೋಚಿಸುತ್ತಿದ್ದರು... ಸುಮ್ಮನಿದ್ದುಬಿಡಬಹುದೆಂದು ಒಂದು ಕ್ಷಣವಾದರೂ ಅನಿಸಿತ್ತೇ? ಅನಿಸಿದ್ದರೂ ನನಗೆ ಅವರ ಮೇಲಿನ ಗೌರವ ಕಡಿಮೆಯಾಗುತ್ತಿರಲಿಲ್ಲ. ಅದನ್ನು ಹೇಳೋಣವೆಂದರೆ ಅವರೇ ಇಲ್ಲ.