ಮೊಲದ ತಟ್ಟೆ

ಸಕಲ ಸಂತರ ಹಬ್ಬದ ದಿನ ಬಾರ್ಸಿಲೋನಾದ ಜನವೆಲ್ಲ ಬಕೆಟ್ಟು, ಚಿಂದಿಬಟ್ಟೆ, ಸೇವಂತಿಗೆ ಹಿಡಿದು ಸತ್ತವರ ಕಲ್ಲು ತೊಳೆಯಲು ಗುಡ್ಡದ ಸ್ಮಶಾನದ ಬಸ್ಸು ಹತ್ತಿದರೆ, ತೆಕ್ಲಾ ಮಾತ್ರ ಬಕೆಟ್ಟು ಹಿಡಿದು ತಾರಸಿ ಹತ್ತುತ್ತಿದ್ದಳು. ಹತ್ತಿ, ಸಮುದ್ರದ ಕಡೆಗಿರುವ ಹೊಗೆಗೂಡಿನ ಬುಡದಲ್ಲಿ ಮಂಡಿಯೂರಿ, ಗಾರೆಯಲ್ಲಿ ಕೂತ ಒಂದೇ ಒಂದು ಊಟದ ತಟ್ಟೆಯನ್ನು ತೊಳೆದು ಇಳಿದುಬರುತ್ತಿದ್ದಳು. ಎದುರು ಮನೆಯ ಬ್ರಿಜಿದಾ ಚಿಕ್ಕಂದಿನ ಗೆಳತಿ, ಬಾಯಿ ಸ್ವಲ್ಪ ಜೋರು. ವರ್ಷವೂ ಅದೇ ಮಾತು ಹೇಳಿ ಚುಚ್ಚುತ್ತಿದ್ದಳು: "ಎಲ್ಲರ ಸಮಾಧೀನೂ ಗುಡ್ಡದ ಮೇಲಿದ್ರೆ ನಿಮ್ಮದು ಒಲೆ ಹೊಗೆ ಮೇಲಿದೆಯಲ್ಲೇ!" ತೆಕ್ಲಾ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ, ಮಾತು ನಿಜವೇ ಇತ್ತು.

ಆ ಹೊಗೆಗೂಡು ಇರುವುದು ಗ್ರಾಸಿಯಾ ಬಡಾವಣೆಯ ಬಸವನಹುಳು ಮನೆಯ ಮೇಲೆ. ಮನೆ ಕಟ್ಟಿದವನನ್ನು ಊರಿನವರು ಈಗಲೂ ಮೇಸ್ತ್ರಿ ಎಂದೇ ಕರೆಯುವುದು. ಆ ಮಹಾನುಭಾವನಿಗೆ ನೆಟ್ಟಗಿನ ಗೋಡೆ ಕಂಡರೆ ಆಗುತ್ತಿರಲಿಲ್ಲ. ಕಾಡಿನಲ್ಲಿ ನೆಟ್ಟಗೆರೆ ಎಲ್ಲಿದೆ ತೋರಿಸಿ ಎಂದು ಕೇಳುತ್ತಿದ್ದನಂತೆ. ಹಾಗಾಗಿ ಕಂಬಗಳು ಮರದಂತೆ ಕವಲೊಡೆದವು, ಮೆಟ್ಟಿಲು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿತು, ತಾರಸಿಯ ಮೇಲೆ ಹೊಗೆಗೂಡುಗಳು ಅಣಬೆಗಳಂತೆ ಎದ್ದು ನಿಂತವು. ಅವುಗಳ ಮೈಗೆಲ್ಲ ಒಡೆದ ಪಿಂಗಾಣಿ ಚೂರು. ಬಾಡಿಗೆಯವರ ಒಂದು ಬೀರೂ ಗೋಡೆಗೆ ಆತು ನಿಲ್ಲದಿದ್ದರೂ, ಅವರು ಮೇಸ್ತ್ರಿಯನ್ನು ಬೈಯುತ್ತಲೇ ಇದ್ದರೂ, ಮನೆ ಬಿಟ್ಟು ಹೋದವರು ಕಡಿಮೆ. ಮಧ್ಯಾಹ್ನದ ಬಿಸಿಲು ಆ ಚೂರುಗಳ ಮೇಲೆ ಬಿದ್ದಾಗ ನೋಡಬೇಕು. ಬೈಯುವವರ ಬಾಯೂ ಮುಚ್ಚಿಕೊಳ್ಳುತ್ತಿತ್ತು.

ತೆಕ್ಲಾಳ ಅಪ್ಪ ನರ್ಸಿಸ್ ಆ ಚೂರುಗಳ ಕೆಲಸದವನು. ಮೇಸ್ತ್ರಿ ಸತ್ತ ಮೇಲೂ ಅವನು ಕಟ್ಟಿದ ಮನೆಗಳಲ್ಲಿ ಉದುರಿದ್ದನ್ನು ಮೆತ್ತುತ್ತಾ ಬದುಕಿದವನು. ತಟ್ಟೆಯೋ ಬಟ್ಟಲೋ ಬಿಲ್ಲೆಯೋ, ಏನೇ ಇರಲಿ, ಮೊದಲು ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಬೇಕು. ಇಡಿಯದು ಬಾಗಿದ ಗೋಡೆಗೆ ಕೂರುವುದಿಲ್ಲ, ಚೂರಾದರೆ ಮಾತ್ರ ಗೋಡೆ ಬಾಗಿದಂತೆ ಬಾಗುತ್ತದೆ. ಆ ಕಸುಬಿಗೆ ಕೈ ಹಾಕಿದವರು ಮೊದಲ ದಿನ ಕಲಿಯುವ ಪಾಠ ಇದು. ನರ್ಸಿಸ್ ಅದನ್ನು ತಪ್ಪಿದ್ದು ಜೀವಮಾನದಲ್ಲಿ ಒಂದೇ ಸಲ.

ಸ್ಪೇನಿನ ಅಂತರ್ಯುದ್ಧದ ಕೊನೆಯ ಚಳಿಗಾಲ ಅದು. ವಿಮಾನಗಳು ಸಮುದ್ರದ ಕಡೆಯಿಂದ ಬಂದು ಬಾಂಬು ಹಾಕಿ ಹೋಗುತ್ತಿದ್ದವು. ಅಂಗಡಿಗಳಲ್ಲಿ ಕಪ್ಪು ಬೇಳೆ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ತೆಕ್ಲಾಳ ತಮ್ಮ ಬಿಯೆಲ್‌ಗೆ ಇನ್ನೂ ಮಾತು ಪೂರಾ ತಿರುಗಿರಲಿಲ್ಲ. ಅವನ ತಟ್ಟೆಯ ತಳದಲ್ಲಿ ಒಂದು ನೀಲಿ ಮೊಲ ಇತ್ತು. ಸಾರು ಕುಡಿದು ಮುಗಿಸಿದರೆ ಮೊಲ ಹೊರಗೆ ಬರುತ್ತೆ ಎಂದು ಅಮ್ಮ ಪುಸಲಾಯಿಸಿ ಕುಡಿಸುತ್ತಿದ್ದಳು. ಆ ಚಳಿಗಾಲದಲ್ಲಿ ಸಾರು ಎಷ್ಟು ತೆಳ್ಳಗಾಯಿತೆಂದರೆ ಬಡಿಸಿದ ಕೂಡಲೇ ಮೊಲ ಕಾಣತೊಡಗಿತು. ಹುಡುಗ ಚಪ್ಪಾಳೆ ತಟ್ಟಿ ನಗುತ್ತಿದ್ದ. ಅಮ್ಮ ಸೆರಗಿಲ್ಲದ ಆ ಊರಿನಲ್ಲಿ ಅಡುಗೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಕಿತ್ತಳೆ ಸಿಪ್ಪೆ ಬೇಯಿಸಿ ತಿಂದು ಬಿಯೆಲ್‌ಗೆ ಭೇದಿ ಹತ್ತಿತು. ಒಣಗಿ ಸತ್ತುಹೋದ. ಸತ್ತವರನ್ನು ಎಲ್ಲೆಲ್ಲಿಂದಲೋ ಗಾಡಿಯಲ್ಲಿ ತಂದು ಒಂದೇ ಗುಂಡಿಗೆ ಹಾಕುತ್ತಿದ್ದ ಕಾಲ. ಇವನನ್ನೂ ಹಾಗೆಯೇ ಹಾಕಿದರು. ಹೆಸರಿಲ್ಲ, ಕಲ್ಲಿಲ್ಲ, ತೊಳೆಯಲು ಒಂದು ಅಂಗೈಯಷ್ಟು ಜಾಗವಿಲ್ಲ.

ಅದೇ ವಾರ ಬಾಂಬಿನ ಅದುರಾಟಕ್ಕೆ ಬಸವನಹುಳು ಮನೆಯ ಹೊಗೆಗೂಡಿನ ಚೂರುಗಳು ಉದುರಿದ್ದವು. ರಿಪೇರಿಗೆ ಹೋದ ನರ್ಸಿಸ್ ಎಂಟು ವರ್ಷದ ತೆಕ್ಲಾಳನ್ನೂ ಕರೆದುಕೊಂಡು ಹೋದ. ಚೀಲದಲ್ಲಿ ಮೊಲದ ತಟ್ಟೆ ಇತ್ತು. ಗೋಣಿಯಲ್ಲಿ ಸುತ್ತಿದ. ಸುತ್ತಿಗೆ ಎತ್ತಿದ. ಎತ್ತಿದ ಕೈ ಕೆಳಗೆ ಬರಲಿಲ್ಲ. ಜೊತೆಯ ಗಾರೆಯವನು, ಒಡಿ ಮಾರಾಯ, ಇಡೀದು ನಿಲ್ಲಲ್ಲ, ಅಂಚಲ್ಲಿ ಸಂದು ಉಳಿಯುತ್ತೆ ಎಂದು ಹೇಳಿಯೇ ಹೇಳಿದ. ನರ್ಸಿಸ್ ಕೇಳಲಿಲ್ಲ. ಗಾರೆ ಬಳಿದು, ಬೆರಳಿನಿಂದ ಗೀರಿ ಹಿಡಿತ ಮಾಡಿ, ತಟ್ಟೆಯನ್ನು ಇಡಿಯಾಗಿಯೇ ಇಟ್ಟ.

"ನೀನೇ ಒತ್ತು ಮಗಳೇ," ಎಂದ. "ನನ್ ಕೈಲಿ ಆಗಲ್ಲ."

ತೆಕ್ಲಾ ಒತ್ತಿದಳು. ಬಿಯೆಲ್‌ಗೆ ಸಮಾಧಿ ಆಯಿತು.

ದೊಡ್ಡವಳಾದ ಮೇಲೆ ಅವಳು ಅದೇ ಮನೆಯ ಬಾಗಿಲು ಕಾಯುವ ಕೆಲಸ ಹಿಡಿದಳು. ಇನ್ನೂ ಒಳ್ಳೆಯ ಕೆಲಸ ಬಂದಾಗಲೂ ಬಿಡಲಿಲ್ಲ. ಜವಳಿ ಗಿರಣಿಯ ಒಬ್ಬ ಮೆಕ್ಯಾನಿಕ್ ಮದುವೆಯಾಗುತ್ತೇನೆಂದು ಬಂದ, ಸಬಾದೆಲ್ ಊರಿಗೆ ಹೋಗೋಣ ಎಂದ. ಊರು ಬಿಟ್ಟು ಹೋದರೆ ತಟ್ಟೆ ನೋಡಿಕೊಳ್ಳುವವರು ಯಾರು? ಇದನ್ನು ಅವನಿಗೆ ಹೇಳಲಾದೀತೇ? ಅಮ್ಮನಿಗೆ ಹುಷಾರಿಲ್ಲ ಎಂದು ನೆಪ ಹೇಳಿ ಕಳಿಸಿದಳು. ಮೆಟ್ಟಿಲು ಒರೆಸಿದಳು, ಟಪಾಲು ಹಂಚಿದಳು, ಅಪ್ಪ ಅಮ್ಮನನ್ನು ಮಣ್ಣು ಮಾಡಿದಳು, ಮುದುಕಿಯಾದಳು. ಗುಟ್ಟು ಬ್ರಿಜಿದಾ ಒಬ್ಬಳಿಗೇ ಗೊತ್ತಿತ್ತು.

ಅಷ್ಟರಲ್ಲಿ ಮೇಸ್ತ್ರಿಗೆ ಜಗತ್ತೇ ಮರುಳಾಗಿತ್ತು. ಬಾಡಿಗೆಯವರನ್ನು ಎಬ್ಬಿಸಿ ಮನೆಯನ್ನು ಪ್ರವಾಸಿಗರು ನೋಡುವ ಜಾಗ ಮಾಡಿದರು. ಬೀದಿಯ ತುದಿಯವರೆಗೆ ಸಾಲು. ಯಾವ ಯಾವ ದೇಶದವರೋ ಬಂದು ಕತ್ತೆತ್ತಿ, ಬಾಯಿ ತೆರೆದು ನಿಲ್ಲುವರು. ಅವರನ್ನು ಸುಮ್ಮನೆ ಬೈಯಬಾರದು. ಕಂಬವನ್ನು ಸವರಿ, ಮರ ಮುಟ್ಟಿದ ಹಾಗಿದೆ ಎಂದು ಕಣ್ಣು ತುಂಬಿಕೊಂಡವರನ್ನು ತೆಕ್ಲಾಳೇ ಕಂಡಿದ್ದಳು. ಕೆಲಸ ಹೋಗಿ ಅವಳು ಹಿಂದಿನ ಓಣಿಯ ಒಂದು ಕೋಣೆಗೆ ಬಂದಿದ್ದರೂ, ಹಳೆಯವಳೆಂದು ಹಬ್ಬದ ದಿನ ಬೆಳಿಗ್ಗೆ ಸಾಲಿಗಿಂತ ಮುಂಚೆ ಮೇಲೆ ಬಿಡುತ್ತಿದ್ದರು.

ಒಂದು ಹಬ್ಬದ ದಿನ ಒರಿಯೋಲ್ ಅವಳ ಬಕೆಟ್ಟು ಹೊತ್ತು ತಂದ. ಬಂದವರಿಗೆ ಮನೆ ತೋರಿಸಿ ವಿವರಿಸುವ ಯುವಕ ಅವನು. ಅವಳ ಪಕ್ಕದಲ್ಲಿ ಕೂತು, ಚೂರುಗಳ ನಡುವೆ ಇದೊಂದು ಮಾತ್ರ ಯಾಕೆ ಇಡೀ ತಟ್ಟೆ ಎಂದು ಮೆಲ್ಲಗೆ ಕೇಳಿದ. ತೆಕ್ಲಾಳಿಗೆ ಆ ವರ್ಷ ಮಂಡಿ ಊರಿದರೆ ಏಳಲು ಆಗುತ್ತಿರಲಿಲ್ಲ. ನಾಳೆ ನಾನು ಹೋದರೆ ಬಿಯೆಲ್ ಎಂಬ ಒಂದು ಜೀವ ಇತ್ತು ಎಂದು ಹೇಳುವವರೇ ಇಲ್ಲವಲ್ಲ ಎಂಬ ಸಂಕಟ ಬಹಳ ದಿನದಿಂದ ಕೊರೆಯುತ್ತಿತ್ತು. ಬಾಯಿ ಬಿಟ್ಟಳು. ಮೊಲ, ತೆಳು ಸಾರು, ಎತ್ತಿದ ಸುತ್ತಿಗೆ, ಎಲ್ಲ ಹೇಳಿದಳು. ಒರಿಯೋಲ್ ಕಣ್ಣೊರೆಸಿಕೊಂಡ. ನಿಜವಾಗಿಯೇ ಅತ್ತ. ಕೆಟ್ಟವನಲ್ಲ ಅವನು, ಅದೇ ಕಷ್ಟ.

ಬೇಸಿಗೆಯ ಹೊತ್ತಿಗೆ ಮೊಲದ ತಟ್ಟೆಯ ಕಥೆ ಒರಿಯೋಲ್ ಬಾಯಲ್ಲಿ ದಿನವೂ ತಾರಸಿಯ ಮೇಲೆ ನಡೆಯುತ್ತಿತ್ತು. ಬ್ರಿಜಿದಾ ಒಮ್ಮೆ ಕೇಳಿ ಬಂದು, ನಿನ್ನ ತಮ್ಮ ಸಾರು ಕುಡಿಯುತ್ತಾ ಕೂತಿದ್ದಾಗ ಬಾಂಬು ಬಿದ್ದು ಸತ್ತನಂತೆ, ನನಗೆ ಗೊತ್ತೇ ಇರಲಿಲ್ಲ ಕಣೇ ಎಂದು ಹಂಗಿಸಿದಳು. ತೆಕ್ಲಾ ಒರಿಯೋಲ್‌ನನ್ನು ಹುಡುಕಿಕೊಂಡು ಹೋದಳು.

"ಭೇದಿ ಅಂದ್ರೆ ಯಾರ್ ಅಳ್ತಾರೆ ಸೆನ್ಯೋರಾ?" ಎಂದ ಅವನು, ತಲೆ ತಗ್ಗಿಸಿ. "ಈಗ ನೋಡಿ, ದಿನಾ ಎಷ್ಟೊಂದು ಜನ ಅವನ ಹೆಸರು ಹೇಳ್ತಾರೆ. ನಿಮ್ಗೆ ಬೇಕಾಗಿದ್ದು ಅದೇ ತಾನೆ?"

ಬೇಕಾಗಿದ್ದು ಅದೇ. ತೆಕ್ಲಾ ವಾಪಸು ಬಂದಳು.

ಜನ ತಟ್ಟೆ ಮುಟ್ಟತೊಡಗಿದರು. ಮುಟ್ಟಿದರೆ ಮಕ್ಕಳಿಗೆ ಒಳ್ಳೆಯದಾಗುತ್ತದೆಂದು ಯಾರೋ ಹಬ್ಬಿಸಿದರು. ಮೊಲದ ಕಿವಿ ಸವೆಯಿತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಕಾವಲಿನವನು ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ, ತಟ್ಟೆಯೇ ಇರಲಿಲ್ಲ. ಅಂಚಿನ ಸಂದಿಗೆ ಚಾಕು ತೂರಿಸಿ ಯಾರೋ ಇಡಿಯಾಗಿ ಎಬ್ಬಿಸಿಕೊಂಡು ಹೋಗಿದ್ದರು. ಅಪ್ಪ ಒಡೆದಿದ್ದರೆ ಒಂದು ಚೂರು ಹೋಗುತ್ತಿತ್ತು, ಉಳಿದದ್ದು ನಿಲ್ಲುತ್ತಿತ್ತು. ಗಾರೆಯವನು ಅವತ್ತೇ ಹೇಳಿದ್ದ.

"ಅಪ್ಪನಿಗೆ ಕೈ ಬರ್ಲಿಲ್ಲ," ಎಂದಳು ತೆಕ್ಲಾ, ಬ್ರಿಜಿದಾಳ ಅಡುಗೆಮನೆಯಲ್ಲಿ ಕೂತು. "ನಂಗೆ ಬಾಯಿ ತಡೀಲಿಲ್ಲ. ಇಬ್ರೂ ಸೇರಿ ಅವನನ್ನ ಕಳ್ಕೊಂಡ್ವಿ ಕಣೇ."

ಬ್ರಿಜಿದಾ ಮೊದಲ ಸಲ ಏನೂ ಚುಚ್ಚಲಿಲ್ಲ. ಎದ್ದು ಹಾಲು ಬಿಸಿ ಮಾಡಿದಳು.

ಮನೆ ನೋಡಿಕೊಳ್ಳುವವರು ಸುಮ್ಮನಿರಲಿಲ್ಲ. ಬರುವವರೆಲ್ಲ ತಟ್ಟೆ ಎಲ್ಲಿ ಎಂದು ಕೇಳುತ್ತಿದ್ದರಲ್ಲ. ಫೋಟೋ ನೋಡಿ ಹೊಸದೊಂದು ಮಾಡಿಸಿದರು, ಹಿಂಬದಿಯೂ ಗೋಡೆಗೆ ಸರಿಯಾಗಿ ಬಾಗುವಂತೆ. ಮೊಲ ಹಳೆಯದಕ್ಕಿಂತ ಚೆನ್ನಾಗಿತ್ತು, ಎರಡು ಕಿವಿಯೂ ಇದ್ದವು. ಕೂರಿಸುವ ದಿನ ತೆಕ್ಲಾಳನ್ನು ಕರೆಸಿದರು. ಒರಿಯೋಲ್ ಕೈ ಹಿಡಿದು ಮೆಟ್ಟಿಲು ಹತ್ತಿಸಿದ.

ತಟ್ಟೆ ಇದ್ದ ಕಡೆ ಒಂದು ಗುಂಡನೆಯ ಬಿಳಿ ಗುಳಿ ಇತ್ತು. ತೆಕ್ಲಾ ಮಂಡಿಯೂರಿ ನೋಡಿದಳು. ಅಪ್ಪನ ಬೆರಳಿನ ಗೀರುಗಳು ಒಣ ಗಾರೆಯಲ್ಲಿ ಹಾಗೇ ಇದ್ದವು. ಅವಳ ತೋಳಿಗೆ ತೋಳು ಆನಿಸಿ ಕೂತು ಅವನು ಗೀರಿದ್ದು ನಿನ್ನೆ ಎಂಬಂತೆ. ಅಂಚಿನಲ್ಲಿ, ಗಾರೆ ಉಕ್ಕಿ ಬಂದ ಕಡೆ, ಒಂದು ಪುಟ್ಟ ಹೆಬ್ಬೆರಳಿನ ಗುರುತು. ಅದು ಅವಳದೇ. ಬೆರಳುಗಳನ್ನು ಒಂದೊಂದಾಗಿ ಆ ಗೀರುಗಳಲ್ಲಿ ಇಟ್ಟಳು. ಇಷ್ಟು ವರ್ಷ ತೊಳೆದದ್ದು ತಟ್ಟೆಯನ್ನು, ಅದರ ಹಿಂದೆ ಅಪ್ಪ ಇದ್ದಾನೆಂದು ಅವಳು ಯೋಚಿಸಿಯೇ ಇರಲಿಲ್ಲ.

"ಇದನ್ನ ಹೀಗೇ ಬಿಡಿ," ಎಂದಳು. "ಹೊಸದು ಹಾಕ್ಬೇಡಿ."

ಯಾರೂ ಗಟ್ಟಿಯಾಗಿ ಇಲ್ಲ ಎನ್ನಲಿಲ್ಲ. ಒರಿಯೋಲ್ ಕಚೇರಿಯವರ ಮುಖ ನೋಡಿದ, ಅವರು ಗಡಿಯಾರ ನೋಡಿದರು. ಕೆಳಗೆ ಸಾಲು ಕಾಯುತ್ತಿತ್ತು. ಗಾರೆ ಕೆಲಸದ ಹೆಂಗಸು ಪಾಪದವಳು, ಕರಣೆ ಹಿಡಿದು ಸಂಕೋಚದಿಂದ ನಿಂತಿದ್ದಳು. ಕಲಸಿದ ಗಾರೆ ಬಿಗಿಯುತ್ತಿದೆ ಅಮ್ಮಾ ಎಂದಳು. ತೆಕ್ಲಾ ಬೆರಳು ತೆಗೆದಳು. ಗೀರುಗಳ ಮೇಲೆ, ಹೆಬ್ಬೆರಳಿನ ಮೇಲೆ, ಹಸಿ ಗಾರೆ ಬಿತ್ತು. ಆ ಹೆಂಗಸು ತಟ್ಟೆಯನ್ನಿಟ್ಟು, ಪ್ರೀತಿಯಿಂದಲೇ, "ನೀವೇ ಒತ್ತಿ," ಎಂದಳು. ಫೋಟೋದವರು ಸಿದ್ಧವಾಗಿದ್ದರು.

ತೆಕ್ಲಾ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಒರಿಯೋಲ್ ಒತ್ತಿದ.

ಹಬ್ಬದ ದಿನ ಬೆಳಿಗ್ಗೆ ಬೀದಿ ಮೂಲೆಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿಯ ವಾಸನೆ ಬರುತ್ತಿತ್ತು. ತೆಕ್ಲಾ ಅಭ್ಯಾಸಬಲದಿಂದ ಬಕೆಟ್ಟು ತುಂಬಿಸಿದಳು, ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡಳು, ಬಾಗಿಲವರೆಗೆ ಹೋದಳು. ಆಮೇಲೆ ವಾಪಸು ಬಂದು, ಆ ನೀರಿನಲ್ಲಿ ತನ್ನ ಕೋಣೆಯ ನೆಲ ಒರೆಸಿದಳು.