ಆನೆಯ ಮುಂಗಾಲಿನ ಗೀರು

ಆನ್‌ಲೈನ್ ಹರಾಜಿನವರು ತಮ್ಮನ್ನು ತಾವೇ ‘ನಂಬಿಕಸ್ಥರು’ ಎಂದು ಕರೆದುಕೊಳ್ಳುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಗಡಿ ಬಾಗಿಲಿಗೆ ‘ನಾನು ಕಳ್ಳನಲ್ಲ’ ಎಂದು ಬೋರ್ಡು ಹಾಕಿಕೊಂಡವನ ಹತ್ತಿರ ನೀವು ಅಕ್ಕಿ ಕೊಳ್ಳುತ್ತೀರಾ? ಹಳೆಯ ಸೈನ್ಯದ ಸಾಮಾನು ಮಾರುವ ಎಷ್ಟೋ ಜಾಲತಾಣಗಳಿಗೆ ಇಂಥದ್ದೇ ಬೋರ್ಡಿದೆ. ಜೊತೆಗೊಂದು ಸರ್ಟಿಫಿಕೇಟು, ಅದರ ಮೂಲೆಯಲ್ಲಿ ಚಿನ್ನದ ಬಣ್ಣದ ಸ್ಟಿಕರ್ರು. ನನಗೆ ಕೋಪ ಮೂಗಿನ ತುದಿಯಲ್ಲಿ ಎಂದು ಹೆಂಡತಿ ಮದುವೆಯಾದ ವಾರಕ್ಕೇ ಹೇಳಿದ್ದಳು. ಇರಲಿ. ಈ ಕೋಪಕ್ಕೆ ಕಾರಣವಿದೆ, ಆ ಕಾರಣದಲ್ಲಿ ನನ್ನ ಪಾಲೂ ಇದೆ.

ನಾನು ಅಚ್ಚು ಕೆತ್ತುವವನು. ಯಶವಂತಪುರದ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಉಕ್ಕಿನ ಮೇಲೆ ಉಳಿ ಆಡಿಸಿದವನು. ಶಾಲೆಯ ಬಿಲ್ಲೆ, ಬೆಲ್ಟಿನ ಬಕಲು, ಸೆಕ್ಯುರಿಟಿಯವರ ಟೋಪಿಯ ಲಾಂಛನ, ಎಲ್ಲಕ್ಕೂ ಮೊದಲು ಉಕ್ಕಿನಲ್ಲಿ ಉಲ್ಟಾ ಕೆತ್ತಬೇಕು. ಆಮೇಲೆ ಹಿತ್ತಾಳೆ ತಗಡು ಇಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಚಿತ್ರ ಸರಿಯಾಗಿ ಮೇಲೇಳುತ್ತದೆ. ಕಣ್ಣು ಸೋತ ಮೇಲೆ ಶೆಡ್ಡು ಮುಚ್ಚಿ ಗಂಗಾನಗರದ ಮನೆಯಲ್ಲಿ ಕೂತೆ. ಕೂತವನಿಗೆ ಹಳೆಯ ಸೈನ್ಯದ ಗುಂಡಿ, ಬಿಲ್ಲೆ, ನೀರಿನ ಬಾಟಲಿ ಕೂಡಿಹಾಕುವ ಹುಚ್ಚು ಹಿಡಿಯಿತು. ಯುದ್ಧದ ಮೇಲೆ ನನಗೆ ಪ್ರೀತಿಯಿಲ್ಲ. ಯಾರೋ ಹೆಸರಿಲ್ಲದ ಅಚ್ಚುಗಾರ ಕೆತ್ತಿದ ಸಿಂಹದ ಜೂಲು, ಹಕ್ಕಿಯ ಉಗುರು ನೋಡುವುದೇ ನನಗೆ ಖುಷಿ.

ಹುಚ್ಚಿಗೂ ನೇಮಗಳಿದ್ದವು. ಹೆಚ್ಚಿನ ನಕಲಿ ಮಾಲು ಎರಕದ್ದು. ಅಸಲಿಯ ಗುರುತನ್ನು ಮಣ್ಣಿನಲ್ಲಿ ಒತ್ತಿ, ಕರಗಿಸಿದ ಹಿತ್ತಾಳೆ ಹೊಯ್ದುಬಿಡುತ್ತಾರೆ. ಅದರ ಅಂಚು ಮೊಂಡು, ಮೈಯೆಲ್ಲ ಮರಳಿನ ಚುಕ್ಕೆ. ಅಚ್ಚಿನಲ್ಲಿ ಹೊಡೆದ ಅಸಲಿಗಾದರೆ ಮುಂದಿನ ಚಿತ್ರವೇ ಬೆನ್ನಿನಲ್ಲಿ ತಗ್ಗಾಗಿ ಕಾಣುತ್ತದೆ. ಬೆನ್ನಿನ ಫೋಟೋ ಕೊಡದವನ ಜೊತೆ ನಾನು ಮಾತೇ ಆಡುತ್ತಿರಲಿಲ್ಲ. ತೊಳೆದ ಮಾಲನ್ನೂ ಮುಟ್ಟುತ್ತಿರಲಿಲ್ಲ. ಹಿತ್ತಾಳೆಯ ಮೇಲೆ ವರ್ಷಗಳು ಕೂತು ಬಂದ ಕಪ್ಪನ್ನು ಉಜ್ಜಿ ತೆಗೆದವನು ನನ್ನ ಲೆಕ್ಕದಲ್ಲಿ ಪಾಪಿ.

ನಾನು ಅಣ್ಣ ಎಂದು ಕರೆಯುವ ಒಬ್ಬರಿದ್ದಾರೆ. ಅಲ್ಲಾಳಸಂದ್ರದ ಹಳೇ ಒಕ್ಕಲು ಮನೆಯವರು. ಪಂಪ್‌ಸೆಟ್ಟಿನ ಬುಶ್ ಮಾಡಿಸಲು ಶೆಡ್ಡಿಗೆ ಬಂದಾಗ ಆದ ಪರಿಚಯ. ಅವರ ರಾಗಿ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಎದ್ದಿದೆ, ಅದರ ಎರಡನೇ ಮಹಡಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ ತಂದೆ ಎರಡನೇ ಮಹಾಯುದ್ಧಕ್ಕೆ ಬರ್ಮಾ ಕಡೆ ಹೋದವರು ವಾಪಸು ಬರಲಿಲ್ಲ. ಉಳಿದದ್ದು ಒಂದೇ ಫೋಟೋ. ಹಳೇ ಮನೆಯ ಗೋಡೆಯ ತೇವಕ್ಕೆ ಅದರಲ್ಲಿ ಮುಖವಿರುವ ಜಾಗ ಪೂರ್ತಿ ಬಿಳಿಚಿಹೋಗಿದೆ. ಸರಿಯಾಗಿ ಕಾಣುವುದು ಟೋಪಿಯ ಮೇಲಿನ ಬಿಲ್ಲೆ ಮಾತ್ರ: ಸುತ್ತ ಎಲೆಯ ಬಳ್ಳಿ, ನಡುವೆ ಒಂದು ಆನೆ.

ಒಂದು ದಿನ ಅಣ್ಣ ಆ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು.

“ನೀನು ಕಂಪ್ಯೂಟ್ರಲ್ಲಿ ಅರಾಜು ಕೂಗ್ತೀಯಂತಲ್ಲ. ಇಂಥಾದ್ದೊಂದು ಬೇಕು ಕಣಪ್ಪ,” ಎಂದರು. “ನಮ್ಮಪ್ಪಂದೇ ಆಗ್ಬೇಕು ಅಂತಿಲ್ಲ. ಅವತ್ತಿನ ಕಾಲದ್ದಾಗಿದ್ರೆ ಸಾಕು.”

ತಂದೆಯ ಮುಖವನ್ನೇ ನೋಡದ ಮುದುಕ ಕೇಳಿದ್ದು ಇಷ್ಟು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಹುಡುಕಲು ಶುರುಮಾಡಿದೆ. ದೇವರೇ, ಎಂತೆಂಥ ಖದೀಮರು! ಮೂವರು ಬೇರೆ ಬೇರೆ ಊರಿನ ಮಾರಾಟಗಾರರ ಫೋಟೋದಲ್ಲಿ ಒಂದೇ ಹೆಬ್ಬೆರಳು, ಅದೇ ಸೀಳಿದ ಉಗುರು. ಗುಂಡೇಟು ತಿಂದ ಹೆಲ್ಮೆಟ್ಟು ಎಂದು ಇನ್ನೊಬ್ಬ ತೋರಿಸಿದ. ಡ್ರಿಲ್ಲಿನಿಂದ ಕೊರೆದ ತೂತು, ಅದರ ಅಂಚಿನ ಚೂರನ್ನು ಕೂಡ ಅರ ಹಾಕಿ ಉಜ್ಜಿರಲಿಲ್ಲ. ಕೇಳಿದ್ದಕ್ಕೆ, ನೀವು ಯುದ್ಧ ನೋಡಿದ್ದೀರಾ ಎಂದು ನನ್ನನ್ನೇ ಕೇಳಿದ. ಯುದ್ಧ ನೋಡಿಲ್ಲಪ್ಪ, ಡ್ರಿಲ್ ನೋಡಿದ್ದೇನೆ ಎಂದು ಬರೆದೆ. ಅವನು ನನ್ನನ್ನು ಬ್ಲಾಕ್ ಮಾಡಿದ.

ಐದಾರು ತಿಂಗಳಾದ ಮೇಲೆ ಒಂದು ಹರಾಜು ಕಂಪನಿ ಕಣ್ಣಿಗೆ ಬಿತ್ತು. ಫೋನು ಮಾಡಿದರೆ ಎತ್ತುತ್ತಿದ್ದರು. ಹಿಡಿಸದಿದ್ದರೆ ಹದಿನೈದು ದಿನದೊಳಗೆ ವಾಪಸು ತಗೊಳ್ಳುತ್ತೇವೆ ಎಂದರು. ಕೇಳಿದ ತಕ್ಷಣ ಬೆನ್ನಿನ ಫೋಟೋ ಕಳಿಸಿದರು. ಬಳ್ಳಿ, ಆನೆ, ಎಲ್ಲ ಅಣ್ಣನ ಫೋಟೋದಲ್ಲಿದ್ದ ಹಾಗೇ. ಎರಕವಲ್ಲ, ಅಚ್ಚಿನದು. ಆನೆಯ ಕಿವಿಯ ಮಡಿಕೆ, ಸೊಂಡಿಲ ಗೆರೆ ನೋಡಿ ನಾನು ಹೆಂಡತಿಯನ್ನು ಕೂಗಿ ತೋರಿಸಿದೆ. ಇಂಥ ಕೈ ಈಗಿನವರಲ್ಲಿ ಯಾರಿಗೂ ಇಲ್ಲ ಕಣೆ ಎಂದೆ. ಅವಳು ಹೂಂ ಎಂದು ಒಳಗೆ ಹೋದಳು. ನಾನು ಅಣ್ಣನಿಗೆ ಫೋನು ಮಾಡಿ, ಇವರನ್ನು ನಂಬಬಹುದು ಎಂದೆ. ಹೌದು, ನಂಬಬಹುದು ಎಂದು ಈ ಬಾಯಿಂದಲೇ ಹೇಳಿದೆ.

ಹರಾಜು ಕೂಗಿ ಗೆದ್ದೆ. ಬಿಲ್ಲೆ ಬಂತು. ಭೂತಗನ್ನಡಿ ಇಟ್ಟು ನೋಡಿದೆ. ಸಂದಿಗೊಂದಿಯೆಲ್ಲ ಗಟ್ಟಿ ಕಪ್ಪು ತುಂಬಿತ್ತು, ಆನೆಯ ಕಾಲುಗಳ ನಡುವಂತೂ ಪೂರ್ತಿ. ಪಿನ್ನಿನ ತುದಿಯಿಂದಲೂ ಕೆದಕಲಿಲ್ಲ, ನೇಮವಲ್ಲವೇ? ಮಾರನೇ ದಿನ ಅಲ್ಲಾಳಸಂದ್ರಕ್ಕೆ ಒಯ್ದು ಕೊಟ್ಟೆ. ಅಣ್ಣ ಅಂಗೈಯಲ್ಲಿ ಇಟ್ಟುಕೊಂಡು ಆನೆಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿದರು. ಫೋಟೋದ ಮುಂದೆ ಇಟ್ಟು ಕೈ ಮುಗಿದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಬಸ್ಸಿನಲ್ಲಿ ಹೆಮ್ಮೆಯಿಂದ ಬೀಗುತ್ತಾ ಮನೆಗೆ ಬಂದೆ.

ಅದಾಗಿ ಒಂದು ತಿಂಗಳಿಗೆ ಆಯುಧಪೂಜೆ. ಊಟಕ್ಕೆ ಕರೆದಿದ್ದರು, ಹೋದೆ. ಹಾಲಿನಲ್ಲಿ ಮಣೆಯ ಮೇಲೆ ಈಳಿಗೆಮಣೆ, ಕುಡುಗೋಲು, ಕಾರಿನ ಕೀಲಿ, ಮಗನ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ, ಹೂವು. ನಟ್ಟನಡುವೆ ಬಿಲ್ಲೆ. ಅಂಗಡಿಯಿಂದ ಈಗ ತಂದ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಸೊಸೆ ಪೂಜೆ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದಳು.

ನಾಲ್ಕು ಜನ ನೆಂಟರ ಎದುರಿಗೇ ಕೂಗಾಡಿಬಿಟ್ಟೆ. “ಎಂಬತ್ತು ವರ್ಷದ ಕಪ್ಪು ಕಣಮ್ಮ ಅದು. ಚೊಂಬು ಉಜ್ಜಿದ ಹಾಗೆ ಉಜ್ಜಿದ್ದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ?”

“ಮಾವ, ಅದು...” ಎಂದು ಅವಳು ಏನೋ ಹೇಳಲು ಬಂದಳು. ನಿನಗೇನು ಗೊತ್ತು ಸುಮ್ಮನಿರು ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಅಣ್ಣ ನನ್ನನ್ನು ಒಂದು ಸಲ ನೋಡಿದರು.

ಎಷ್ಟು ಹಾಳಾಗಿದೆ ನೋಡೋಣ ಎಂದು ಜೇಬಿನಿಂದ ಭೂತಗನ್ನಡಿ ತೆಗೆದೆ. ಆನೆಯ ಮುಂಗಾಲುಗಳ ನಡುವೆ, ಮೊದಲು ಕಪ್ಪು ತುಂಬಿದ್ದ ಜಾಗದಲ್ಲಿ, ಕೂದಲೆಳೆಯಷ್ಟು ಸಣ್ಣ ಗೀರು. ಕುಂಕುಮ ಹತ್ತಿ ಕೆಂಪಗೆ ಕಾಣುತ್ತಿತ್ತು. ಉಗುರಿನಿಂದ ಸವರಿದೆ. ಉಬ್ಬಿತ್ತು. ಬಿದ್ದು ತರಚಿದ ಗೀರು ತಗ್ಗಾಗಿರುತ್ತದೆ, ಉಬ್ಬಿದ ಗೀರು ಅಚ್ಚಿನಿಂದಲೇ ಬರಬೇಕು. ಮೊಣಕಾಲಿನಿಂದ ಶುರುವಾಗಿ ಪಾದದ ಹತ್ತಿರ ಕೊಕ್ಕೆಯ ಹಾಗೆ ಬಾಗಿದ ಆ ಗೀರು ನನಗೆ ಗೊತ್ತಿತ್ತು. ಅದು ನನ್ನದೇ ಉಳಿ ಜಾರಿದ ಗೀರು.

ಇಪ್ಪತ್ತು ವರ್ಷದ ಹಿಂದೆ ಒಬ್ಬ ಗಿರಾಕಿ ಅಸಲಿ ಬಿಲ್ಲೆ ಒಂದನ್ನು ಮಾದರಿಗೆ ತಂದಿದ್ದ. ನಾಟಕದಲ್ಲಿ ಸಿಪಾಯಿಗಳ ಟೋಪಿಗೆ ಬೇಕು ಎಂದ. ವಾರಗಟ್ಟಲೆ ಕೂತು ಅಚ್ಚು ಕೆತ್ತಿದೆ. ಕೊನೆಯ ದಿನ ಕರೆಂಟು ಹೋಯಿತು, ಕತ್ತಲಲ್ಲಿ ಉಳಿ ಜಾರಿತು. ತುಂಬಿಸಿ ಮತ್ತೆ ಕೆತ್ತುತ್ತೇನೆ ಎಂದರೆ ಅವನು ನಕ್ಕ. ಇರಲಿ ಬಿಡಿ, ಪಾಲಿಶೂ ಬೇಡ ಎಂದ. ರಂಗದ ಮೇಲಿನ ಸಿಪಾಯಿಗೆ ಹೊಳೆಯದ ಬಿಲ್ಲೆ ಯಾಕಪ್ಪಾ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೂ ಎರಡು ಸಲ ಬಂದು ಚೀಲದ ತುಂಬ ಹೊಡೆಸಿಕೊಂಡು ಹೋದ. ಯಾವ ನಾಟಕದಲ್ಲಿ ಅಷ್ಟು ಜನ ಸಿಪಾಯಿಗಳಿರುತ್ತಾರೆ? ಅದನ್ನೂ ಕೇಳಲಿಲ್ಲ. ಕೆಲಸ ಚೆನ್ನಾಗಿ ಬಂದಿದೆ ಎಂಬ ಅಮಲಿನಲ್ಲಿದ್ದೆ. ಆಮೇಲೆ ಕೆತ್ತಿದ ನೂರಾರು ಅಚ್ಚುಗಳ ನಡುವೆ ಆ ಆನೆ ನನಗೆ ಮರೆತೇಹೋಗಿತ್ತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ. ಎರಕದ ನಕಲಿಗಳನ್ನೆಲ್ಲ ಹಿಡಿದುಹಾಕಿದವನು ನನ್ನದೇ ಕೈಗೆ ಮರುಳಾಗಿದ್ದೆ. ಆ ದಿನ ಎಲೆಯ ಮುಂದೆ ಕೂತು ಪಾಯಸ ಕಲಸಿ, ಹಾಗೇ ಬಿಟ್ಟು ಎದ್ದೆ. ನೆಂಟರ ಎದುರು ಅಣ್ಣನಿಗೆ ಹೇಳುವ ಧೈರ್ಯವೂ ಆಗಲಿಲ್ಲ.

ಮನೆಗೆ ಬಂದವನೇ ಅಟ್ಟದ ಮೇಲಿನ ಗೋಣಿಚೀಲ ಇಳಿಸಿದೆ. ಶೆಡ್ಡು ಮುಚ್ಚಿದಾಗ ಗುಜರಿಗೆ ಹಾಕಲು ಮನಸ್ಸು ಬಾರದೆ ಉಳಿಸಿಕೊಂಡ ಅಚ್ಚುಗಳು. ಗ್ರೀಸು ಬಟ್ಟೆಯಲ್ಲಿ ಸುತ್ತಿದ್ದ ಆ ಆನೆಯ ಅಚ್ಚು ಸಿಕ್ಕಿತು. ಹೆಂಡತಿ ಚಪಾತಿಗೆ ಕಲಸಿದ್ದ ಹಿಟ್ಟಿನ ಉಂಡೆ ತಂದು ಅದರಲ್ಲಿ ಒತ್ತಿದೆ. ಹಿಟ್ಟಿನ ಮೇಲೆ ಆನೆ ಎದ್ದಿತು, ಮುಂಗಾಲಿನ ಗೀರೂ ಎದ್ದಿತು.

ಹರಾಜಿನವರಿಗೆ ಫೋನು ಮಾಡಿದೆ. ಅದು ನಕಲಿ, ಅದರ ಅಚ್ಚು ಮಾಡಿದವನು ನಾನೇ ಎಂದೆ. ಹುಡುಗಿಯೊಬ್ಬಳು ಬೆಣ್ಣೆಯಂಥ ದನಿಯಲ್ಲಿ, ನಮ್ಮ ತಜ್ಞರು ಪರೀಕ್ಷೆ ಮಾಡಿದ್ದಾರೆ ಸರ್, ನಿಮ್ಮ ಹತ್ತಿರ ಪುರಾವೆ ಇದೆಯಾ ಎಂದಳು. ಅಚ್ಚು, ಹಿಟ್ಟು, ಗೀರು, ಎಲ್ಲದರ ಫೋಟೋ ಕಳಿಸಿದೆ. ಮೂರು ದಿನಕ್ಕೆ ಉತ್ತರ ಬಂತು. ವಾಪಸು ಪಡೆಯುವ ಅವಧಿ ಮುಗಿದಿದೆಯಂತೆ. ಸರ್ಟಿಫಿಕೇಟು ಎಂಬುದು ಅಭಿಪ್ರಾಯವಂತೆ, ಅದಕ್ಕೆ ಯಾರೂ ಹೊಣೆಯಲ್ಲವಂತೆ. ಕೆಳಗೆ ಇನ್ನೊಂದು ಸಾಲಿತ್ತು: ಸೈನ್ಯದ ಬಿಲ್ಲೆಯ ಹಳೆಯ ಅಚ್ಚು ಅಪರೂಪದ ವಸ್ತು, ಸಂಗ್ರಾಹಕರು ಮುಗಿಬೀಳುತ್ತಾರೆ, ಮುಂದಿನ ಹರಾಜಿಗೆ ಕೊಡುತ್ತೀರಾ, ಸರ್ಟಿಫಿಕೇಟು ನಾವೇ ಮಾಡಿಸುತ್ತೇವೆ.

ಪಿತ್ತ ನೆತ್ತಿಗೇರಿತು. ಮತ್ತೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ನಿಮ್ಮ ಭಾವನೆ ಅರ್ಥ ಆಗುತ್ತೆ ಸರ್ ಎಂದಳು ಅವಳು. ಬೈಗುಳಕ್ಕೆ ಬೈಗುಳ ಕೊಟ್ಟಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆ ಅಚ್ಚನ್ನು ಆಮೇಲೆ ಮಾಕಳಿಯ ಒಂದು ಶೆಡ್ಡಿಗೆ ಒಯ್ದು ಗ್ರೈಂಡರಿಗೆ ಕೊಟ್ಟು ನುಣ್ಣಗೆ ಮಾಡಿಸಿದೆ. ಅದಕ್ಕೂ ಮೊದಲು ಅದು ಇನ್ನೊಂದು ಕಡೆ ಹೋಗಬೇಕಿತ್ತು.

ಫೋನಿನಲ್ಲಿ ಬೈದ ಮಾರನೇ ದಿನ ಅಚ್ಚನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಅಲ್ಲಾಳಸಂದ್ರದ ಬಸ್ಸು ಹತ್ತಿದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಅರ್ಧ ಗಂಟೆ ನಿಂತ ಬಸ್ಸಿನಲ್ಲಿ, ತೊಡೆಯ ಮೇಲೆ ಆ ಉಕ್ಕಿನ ಭಾರ ಇಟ್ಟುಕೊಂಡು, ಹೇಗೆ ಹೇಳುವುದು ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಣ್ಣ ಎದ್ದು ಫೋಟೋದ ಮುಂದಿನ ಬಿಲ್ಲೆ ತಂದರು. ಹೂವಿನ ಎಸಳು ಕೊಡವಿ ಅಚ್ಚಿನೊಳಗೆ ಇಟ್ಟರು. ಅಲುಗದ ಹಾಗೆ ಕೂತುಬಿಟ್ಟಿತು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಇಂಥವು ಎಷ್ಟು ಮಾಡ್ದೆ?” ಎಂದರು.

ನೆನಪಿಲ್ಲ ಅಣ್ಣ, ಚೀಲದ ತುಂಬ ಎಂದೆ.

“ಅಂಗಾದ್ರೆ ಅಷ್ಟು ಮನೇಲೂ ನನ್ನಂಥವನೊಬ್ಬ ಕೂತ್ಕಂಡು ಕೈ ಮುಗೀತಾವ್ನೆ ಅನ್ನು.”

ಬಿಲ್ಲೆಯನ್ನು ಅಚ್ಚಿನಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಇದು ನಿಂದು, ನೀನೇ ಮಡಗ್ಕೊ ಎಂದರು. ಗೋಡೆಯ ಮೇಲಿನ ಫೋಟೋದ ಕಡೆ ನೋಡಲು ನನಗಾಗಲಿಲ್ಲ. ಆ ಬಿಲ್ಲೆ ತಂದುಕೊಟ್ಟ ದಿನದಿಂದ ಅವರು ಬೆಳಿಗ್ಗೆ ಎದ್ದ ತಕ್ಷಣ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು ಎಂದು ಅವರ ಮಗನೇ ನನಗೆ ಹೇಳಿದ್ದ. ಒಬ್ಬ ಮುದುಕ ನನ್ನ ತಗಡಿನಲ್ಲಿ ತಂದೆಯನ್ನು ಕಂಡಿದ್ದ. ಅದನ್ನು ನಾನೇ ಮಾಡಿ, ನಾನೇ ಆರಿಸಿ, ನಾನೇ ಕೊಟ್ಟು, ಈಗ ನಾನೇ ಕಿತ್ತುಕೊಂಡೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ನಾನು ಮಾಡಿದ್ದನ್ನು ಉಂಡವರು ಅಣ್ಣ.

ಎದ್ದು ಹೊರಟೆ. ಅಣ್ಣ ತಡೆದರು.

“ಒಳಕ್ಕೋಗಿ ಮೊದ್ಲು ಆ ಹೆಣ್‌ಮಗೀಗೆ ಒಂದ್ ಮಾತು ಏಳು. ಅವತ್ತು ಎಲ್ರ ಮುಂದೆ ಬೈದೆ.”

ಸೊಸೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನಮ್ಮ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನ್ನದು ತಪ್ಪಾಯಿತಮ್ಮ ಎಂದೆ. ಅವಳು ತಲೆಯೆತ್ತಲಿಲ್ಲ, ಸಿಟ್ಟೂ ಮಾಡಲಿಲ್ಲ.

“ನಮ್ಮನೆ ದೀಪದ ಕಂಬಕ್ಕೆ ನೂರು ವರ್ಷ ಆಗಿದೆ ಅಂತಾರೆ, ಮಾವ. ನಾನು ಬಂದಾಗಿಂದ ಉಜ್ಜುತಾ ಇದೀನಿ, ಅದರ ಸಂದೀಲಿರೋ ಕಪ್ಪು ಇವತ್ತಿಗೂ ಬಿಟ್ಟಿಲ್ಲ. ಈ ಬಿಲ್ಲೇದು ಒಂದೇ ನೀರಿಗೆ ಬಿಡ್ತು. ಹಳೇದಾಗಿದ್ರೆ ಹಂಗೆ ಬಿಡಲ್ವಲ್ಲ ಅಂತ ಹೇಳೋಕೆ ಬಂದೆ. ನೀವು ಸುಮ್ಮನಿರು ಅಂದ್ರಿ.”

ಅವಳು ಸೊಪ್ಪಿನ ದಂಟುಗಳನ್ನು ಒಂದು ಕಡೆ ಸರಿಸಿದಳು. ಬಿಲ್ಲೆ ನನ್ನ ಮುಷ್ಟಿಯಲ್ಲಿ ಬೆವೆತು ಜಾರುತ್ತಿತ್ತು. ಸಿಟ್ಟು ಹಾಗೇ ಇತ್ತು, ಬೈಯುವುದಕ್ಕೆ ಆ ಅಡುಗೆಮನೆಯಲ್ಲಿ ನನ್ನನ್ನು ಬಿಟ್ಟು ಇನ್ನು ಯಾರೂ ಇರಲಿಲ್ಲ.