ಬೀರುವಿನ ತುಂಬ ಶಾಲು

ನಿಮಗೊಂದು ಶಾಲು ಬೇಕೇ? ಸಂಕೋಚಪಡಬೇಡಿ, ಆರಿಸಿಕೊಳ್ಳಿ. ಹೊಳೆನರಸೀಪುರದ ನಮ್ಮ ಮನೆಯ ಬೀರುವಿನಲ್ಲಿ, ನನ್ನ ಸೀರೆಗಳನ್ನೆಲ್ಲ ಮಂಚದಡಿಯ ಟ್ರಂಕಿಗೆ ಗಡೀಪಾರು ಮಾಡಿ, ಮೇಲಿನ ಮೂರು ಅರೆಗಳನ್ನೂ ಆಕ್ರಮಿಸಿಕೊಂಡು ಶಾಲುಗಳು ಸುಖವಾಗಿವೆ. ಕೆಂಪು, ಕೇಸರಿ, ನವಿಲುಬಣ್ಣ; ಎಲ್ಲಕ್ಕೂ ಜರಿಯಂಚು. ಹೊದ್ದರೆ ಚಳಿ ತಡೆಯುವುದಿಲ್ಲ, ನೆಲ ಒರೆಸಿದರೆ ನೀರು ಹೀರುವುದಿಲ್ಲ, ಚೀಲ ಹೊಲಿಸೋಣವೆಂದರೆ ದರ್ಜಿಯ ಕೈಯಿಂದ ಜಾರಿ ಜಾರಿ ಓಡುತ್ತದೆ. ಯಾವ ಕೆಲಸಕ್ಕೂ ಬಾರದ ವಸ್ತುವನ್ನು ಇಷ್ಟು ಭಕ್ತಿಯಿಂದ ತಯಾರಿಸುವ ವಿದ್ಯೆ ನಮ್ಮವರಿಗಲ್ಲದೆ ಇನ್ನಾರಿಗೆ ಒಲಿದೀತು!

ಇವೆಲ್ಲ ನಮ್ಮ ಯಜಮಾನರ ಸಂಪಾದನೆ. ಅವರು ಯುದ್ಧ ಮಾಡಿ ಬಂದವರು. ಆ ಯುದ್ಧ ನಿಂತು ಎಷ್ಟೋ ವರ್ಷವಾಯಿತು. ಊರಿಗೆಲ್ಲ ನಿಂತಿದೆ, ಅವರ ಕಿವಿಯೊಳಗೆ ಮಾತ್ರ ನಿಂತಿಲ್ಲ. ಹಾಗಾಗಿ ನಮ್ಮ ಕುಕ್ಕರಿಗೆ ಸೀಟಿಯಿಲ್ಲ, ಬಾಗಿಲಿಗೆ ಗಂಟೆಯಿಲ್ಲ. ತಟ್ಟೆ ಲೋಟಗಳನ್ನು ನಾನು ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ ಇಳಿಸುತ್ತೇನೆ. ಬಂದವರು ಗೇಟಿನಲ್ಲೇ ನಿಂತು ಮೆಲ್ಲಗೆ ಹೆಸರು ಹೇಳಿ ಒಳಬರಬೇಕು. ಬೆನ್ನ ಹಿಂದಿನಿಂದ ಅವರನ್ನು ಯಾರೂ ಮುಟ್ಟಬಾರದು. ಅವರು ದೇಶ ಕಾದದ್ದು ಹದಿನೇಳು ವರ್ಷ. ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ಕೆಲಸ ಬಿಟ್ಟು ಅವರನ್ನು ಕಾಯುತ್ತಿರುವುದು ಅದಕ್ಕಿಂತ ಹೆಚ್ಚು, ಒಂದು ದಿನದ ರಜೆಯೂ ಇಲ್ಲದೆ. ಸಭೆಗಳಲ್ಲಿ ನನ್ನನ್ನೂ ‘ವೀರಯೋಧರ ಧರ್ಮಪತ್ನಿ’ ಎಂದು ಕರೆದು, ಒಂದು ರವಿಕೆ ಕಣ, ಎರಡು ಬಾಳೆಹಣ್ಣು ಕೊಡುತ್ತಾರೆ. ನನಗೂ ಒಂದು ಹೆಸರಿದೆಯೇ ಎಂದು ಕೇಳುವಷ್ಟು ಪುರಸೊತ್ತು ಯಾರಿಗಿದೆ, ಪಾಪ.

ಹೋದ ಕಾರ್ತೀಕದ ಹೊತ್ತಿಗೆ ನನ್ನ ಎರಡೂ ಕಣ್ಣಿಗೆ ಪೊರೆ ಬಂತು. ದೀಪಗಳು ಹೂವಿನ ಹಾಗೆ ಅರಳಿ ಕಾಣುತ್ತಿದ್ದವು. ಅದರಲ್ಲೊಂದು ಸೊಗಸೂ ಇತ್ತೆನ್ನಿ. ಆದರೆ ಒಂದು ಬೆಳಿಗ್ಗೆ ಯಜಮಾನರಿಗೆ ಹಗಲಿನ ಮಾತ್ರೆಯ ಬದಲು ನಿದ್ದೆಯ ಮಾತ್ರೆ ಕೊಟ್ಟುಬಿಟ್ಟೆ, ಅದೂ ಎರಡು. ಸಂಜೆಯವರೆಗೆ ಅವರು ಏಳಲಿಲ್ಲ. ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತ ಕೂತಿದ್ದೆ. ಹಾಸನದ ಕಣ್ಣಿನ ಡಾಕ್ಟರು, ಒಂದಾದ ಮೇಲೊಂದರಂತೆ ಎರಡು ಕಣ್ಣಿಗೂ ಬೇಗ ಆಪರೇಷನ್ ಆಗಲೇಬೇಕೆಂದರು. ಒಂದೊಂದು ಸಲವೂ ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು. ಮಕ್ಕಳಿಲ್ಲದ ಮನೆ ನಮ್ಮದು. ಆ ಒಂದು ಹಗಲು ಅವರ ಜೊತೆ ಕೂರುವವರು ಯಾರು?

ಚನ್ನರಾಯಪಟ್ಟಣದ ಕಡೆ ಸೈನಿಕರ ಅಭಿಮಾನಿಗಳದೊಂದು ಬಳಗವಿದೆ. ಅದರ ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿಯ ಬಸವರಾಜಣ್ಣ. ಗಣರಾಜ್ಯೋತ್ಸವದ ಆಹ್ವಾನಪತ್ರಿಕೆ ಹಿಡಿದು ಮನೆಗೆ ಬಂದಾಗ ಅವರನ್ನೇ ಕೇಳಿಬಿಟ್ಟೆ.

“ಈ ಸಲ ಶಾಲು ಬೇಡ ಅಣ್ಣ. ನಿಮ್ಮ ಬಳಗದಲ್ಲಿ ಯಾರಾದ್ರೂ ಒಂದು ದಿನ ಇವರ ಹತ್ರ ಕೂತಿರ್ತೀರಾ?”

“ಅಯ್ಯೋ, ಅದೇನ್ ದೊಡ್ ವಿಷ್ಯ ಕಣಮ್ಮ! ಫಂಕ್ಷನ್ನಿಗೆ ಕರ್ಕಂಡ್ ಬಾ, ಅಲ್ಲೇ ಸ್ಟೇಜ್ ಮ್ಯಾಲೇ ಜನ ಒಪ್ಪುಸ್ಬುಡ್ತೀನಿ.”

“ಆದ್ರೆ ಪಟಾಕಿ ಮಾತ್ರ ಹೊಡೀಬಾರ್ದು.”

“ಒಂದ್ ಸುರ್‌ಸುರ್‌ಬತ್ತೀನೂ ಅಚ್ಚಲ್ಲ, ನನ್ನಾಣೆ.”

ನನ್ನ ಕಣ್ಣಿನ ಆಸೆಗೆ ಬಿದ್ದು ಅವರನ್ನು ಕರೆದುಕೊಂಡು ಹೋದೆ. ಆ ತಪ್ಪು ನನ್ನದೇ. ‘ಯೋಧರ ಕುಟುಂಬದ ಜೊತೆ ನಾವಿದ್ದೇವೆ’ ಎಂಬ ಮಾತು ನಾಲ್ಕೂ ಭಾಷಣಗಳಲ್ಲಿ ಬಂತು. ಎಷ್ಟು ಹೊತ್ತು ಇರುತ್ತಾರೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಪೇಟ ತೊಡಿಸಿ, ಶಾಲು ಹೊದಿಸುವ ಹೊತ್ತಿಗೆ ಸರಿಯಾಗಿ ಹೊರಗೆ ಸರಪಟಾಕಿ ಹತ್ತಿಕೊಂಡಿತು. ಯಜಮಾನರು ವೇದಿಕೆಯ ಮೇಲೆ ಬೋರಲು ಬಿದ್ದು, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡರು. ನಿರೂಪಕರ ಸಮಯಸ್ಫೂರ್ತಿಯನ್ನು ಮೆಚ್ಚಬೇಕು. “ನೋಡಿ ಬಂಧುಗಳೇ, ತಾಯ್ನೆಲಕ್ಕೆ ಯೋಧನ ಸಾಷ್ಟಾಂಗ ಪ್ರಣಾಮ!” ಎಂದು ಮೈಕಿನಲ್ಲಿ ಗದ್ಗದಿತರಾದರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆಗೆ ಅವರು ಇನ್ನಷ್ಟು ನೆಲಕ್ಕಂಟಿದರು; ಅದನ್ನು ಕಂಡು ಚಪ್ಪಾಳೆ ಇನ್ನಷ್ಟು ಜೋರಾಯಿತು. ನಾನು ಓಡಿಹೋಗಿ ಪಕ್ಕದಲ್ಲಿ ಕೂತು, ಹೊಸ ಶಾಲನ್ನು ಉಂಡೆ ಮಾಡಿ ಅವರ ಕಿವಿಗಳಿಗೆ ಒತ್ತಿ ಹಿಡಿದೆ. ಫೋಟೊ ಬಹಳ ಚೆನ್ನಾಗಿ ಬಂದಿದೆಯಂತೆ.

“ಒಳಗೆ ಒಡೀಲಿಲ್ವಲ್ಲಮ್ಮ, ಗೇಟಾಚೆ ತಾನೆ ಒಡ್ದಿದ್ದು!” ಎಂದರು ಬಸವರಾಜಣ್ಣ. ಜನ ಒಪ್ಪಿಸುವ ಮಾತು ಊಟದ ಗಡಿಬಿಡಿಯಲ್ಲಿ ಮರೆತುಹೋಯಿತು.

ಎರಡು ಮನೆಯಾಚೆ ಸಾಕಮ್ಮನಿದ್ದಾಳೆ, ಎಮ್ಮೆ ಸಾಕಿ ಡೈರಿಗೆ ಹಾಲು ಹಾಕುವವಳು. ಯಾವ ಬಳಗಕ್ಕೂ ಸೇರಿದವಳಲ್ಲ. ಆ ಫೋಟೊ ಊರೆಲ್ಲ ಸುತ್ತಿ ಅವಳ ಮೊಬೈಲಿಗೂ ಬಂದಿತ್ತು. ಮಾರನೆಯ ದಿನ ಗೇಟಿನಲ್ಲಿ ನಿಂತು, “ನಾನು ಕಣಕ್ಕ, ಸಾಕಿ” ಎಂದು ಮೆಲ್ಲಗೆ ಹೇಳಿ ಒಳಬಂದಳು.

“ಅಣ್ಣ ನೆಲಕ್ಕೆ ಕೈ ಮುಗ್ದಂಗಿಲ್ಲ ಕಣಕ್ಕ, ಎದ್ರುಕಂಡಂಗದೆ. ನೀನು ಕಣ್ಣಿನ ಆಪ್ರೇಸನ್ ಮಾಡುಸ್ಕಂಡ್ ಬಾ ಓಗು. ನಾನ್ ಕುಂತಿರ್ತೀನಿ. ಏನೇನ್ ಮಾಡ್ಬಾರ್ದು, ಅದೊಂದ್ ಏಳ್ಬುಡು.”

ಇಷ್ಟು ವರ್ಷದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಸದ್ದಾಗದಂತೆ ಅತ್ತೆ.

ಆಪರೇಷನ್ನಿನ ದಿನ ಅವಳು ಬಂದದ್ದು ನೆನೆಸಿದ ಅವರೆಕಾಳಿನ ಪಾತ್ರೆಯೊಡನೆ. ನಿಮಗೆ ಗೊತ್ತಲ್ಲ, ಅವರೆಯ ಕಾಲದಲ್ಲಿ ನಮ್ಮ ಕಡೆ ನೆನೆದ ಕಾಳನ್ನು ಎರಡು ಬೆರಳ ನಡುವೆ ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸುತ್ತೇವೆ. ಮಾತು ಬೇಡದ, ಸದ್ದೂ ಇಲ್ಲದ, ಎಷ್ಟು ಕೈಯಿದ್ದರೂ ಸಾಲದ ಕೆಲಸ. ಯಜಮಾನರು ಅವಳೆದುರು ಕೂತು ತಾವಾಗಿ ಒಂದು ಕಾಳು ಕೈಗೆತ್ತಿಕೊಂಡದ್ದನ್ನು ನೋಡಿ ನಾನು ಹಾಸನದ ಬಸ್ಸು ಹತ್ತಿದೆ.

ಸಂಜೆ ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರೆ, ಎಡಗಣ್ಣಿನ ಮಂಜಿನಲ್ಲೂ ಬೀದಿಯ ತಿರುವಿನಿಂದಲೇ ಬಣ್ಣಬಣ್ಣ ಕಂಡಿತು. ನಮ್ಮ ಮನೆಯ ಕಿಟಕಿಗಳ ತುಂಬ ಶಾಲು! ಮಧ್ಯಾಹ್ನ ಮದುವೆಯ ಮೆರವಣಿಗೆಯೊಂದು ತಮಟೆ ಬಡಿಯುತ್ತ ಈ ಬೀದಿಗೇ ಬಂತಂತೆ. ಸಾಕಮ್ಮ ಬೀರು ತೆಗೆದು, ಇದ್ದಬದ್ದ ಶಾಲುಗಳನ್ನೆಲ್ಲ ಕಿಟಕಿ ಬಾಗಿಲುಗಳ ಸಂದಿಗೆ ತುರುಕಿದ್ದಳು.

“ಬೈಬ್ಯಾಡ ಕಣಕ್ಕ, ಎಲ್ಲಾ ಸುಕ್ಕಾಗೋದ್ವು” ಎಂದಳು.

ಯಜಮಾನರು ಕಾಳಿನಿಂದ ಕಣ್ಣು ತೆಗೆಯದೆ, “ಸದ್ದು ಕಮ್ಮಿಯಾಯ್ತು. ಅರ್ಧ ಪಾತ್ರೆ ನಾನೇ ಹಿತುಕಿದೀನಿ” ಎಂದರು.

ವಾರದೊಳಗೆ ಬಸವರಾಜಣ್ಣ ಆ ಫೋಟೊಗೆ ಚೌಕಟ್ಟು ಹಾಕಿಸಿ ತಂದರು. ಕಿಟಕಿಗಳನ್ನು ನೋಡಿ ಅವರ ಕಣ್ಣು ತೇವವಾಯಿತು. “ಏನ್ ಅಭಿಮಾನ ಕಣಮ್ಮ ನಿಂದು! ಇಡೀ ಬೀದಿಗೇ ಕಾಣಂಗೆ ಇಟ್ಟಿದ್ದೀಯಲ್ಲ!”

“ಮುಂದಿನ ಮಂಗಳವಾರ ಎಡಗಣ್ಣು ಅಣ್ಣ. ಸಾಕಮ್ಮ ಮಗಳ ಬಾಣಂತನಕ್ಕೆ ಅರಕಲಗೂಡಿಗೆ ಹೋಗ್ತಿದಾಳೆ. ನೀವು ಬಂದು ಕೂತಿರ್ತೀರಾ?”

ಅವರು ಮೊಬೈಲ್ ತೆಗೆದು ದಿನ ನೋಡಿದರು. ಮುಖದಲ್ಲಿ ನಿಜವಾದ ವ್ಯಥೆಯಿತ್ತು. “ಮಂಗ್ಳಾರ ಇನ್ನೊಬ್ರು ಯೋಧರ್ಗೆ ಸನ್ಮಾನ ಇಟ್ಕಂಡಿದ್ದೀವಲ್ಲಮ್ಮ.”

ಆದ್ದರಿಂದ ಮೊದಲು ನಿಮಗೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ಕ್ಷಮಿಸಿ. ಶಾಲು ಕೊಡಲಾಗುವುದಿಲ್ಲ, ಒಂದೊಂದಕ್ಕೂ ಈಗ ಕೆಲಸವಿದೆ. ಸೋಮವಾರ ಅವರೆಕಾಳು ನೆನೆಹಾಕುತ್ತೇನೆ. ಬೆಳಿಗ್ಗೆ ಎಂಟಕ್ಕೆ ನನ್ನ ಬಸ್ಸು. ನೀವು ಬರುವುದಾದರೆ, ಗೇಟಿನಲ್ಲಿ ನಿಂತು ಮೆಲ್ಲಗೆ ನಿಮ್ಮ ಹೆಸರು ಹೇಳಿ.